ರಸಮಟ್ಟ

ದಂಟಿನ ಸೊಪ್ಪೋ, ಅಂತ ಬೀದಿಯಲ್ಲಿ ಕೂಗು, ಅದೇ ದನಿ, ಅದೇ ಎಳೆತ, ಇಷ್ಟು ದಿನ ಈ ಮನೆಯ ಮುಂದೆ ಬಾಯಿ ಮುಚ್ಚಿಕೊಂಡು ಹೋಗುತ್ತಿದ್ದವಳು ಇವತ್ತು ಕೂಗಿದಳು, ಅಂದರೆ ಮುಗಿಯಿತು, ವನಮಾಲ ಅಂದುಕೊಂಡಳು, ತಿಥಿಯಾಯಿತು, ಕೊನೆಯ ನೆಂಟರೂ ನಿನ್ನೆ ಪಾಂಡವಪುರದ ಬಸ್ಸು ಹತ್ತಿದರು, ಇವತ್ತು ಬರಿಯ ಬೆಳಗು, ಕೆ.ಆರ್. ಪೇಟೆಯ ಎಲ್ಲರ ಬೆಳಗು — ಎಂಥ ಚೆಂದದ ಬಿಸಿಲು, ಇದಕ್ಕೆ ನಾಚಿಕೆಯಿಲ್ಲ. ಬಿಸಿಲು ಬಿದ್ದಿರುವುದು ಪುಸ್ತಕದ ಹಲಗೆಯ ಮೇಲೆ, ಗಂಡ ಚಿಕ್ಕಸ್ವಾಮಿ ತಾನೇ ಗೋಡೆಗೆ ಹೊಡೆದದ್ದು, ಎಡಕ್ಕೆ ವಾಲಿದೆ, ತುದಿಯಲ್ಲಿ ಶಿವಣ್ಣಾಚಾರಿಯಿಂದ ಈಸಿಕೊಂಡು ತಂದ ರಸಮಟ್ಟ, ಮರದ ಪಟ್ಟಿ, ನಡುವೆ ಗಾಜಿನ ನಳಿಗೆ, ಹಸಿರು ನೀರು, ಅದರೊಳಗೊಂದು ಗಾಳಿಗುಳ್ಳೆ, ಅದು ಎರಡು ಗೆರೆಗಳ ನಡುವೆ ನಿಂತರೆ ಹಲಗೆ ಮಟ್ಟ. ನಿಲ್ಲಲೇ ಇಲ್ಲ. ವಾಲಿದೆಯಲ್ಲ ಅಂದರೆ, ಗೋಡೆನೇ ಸರಿಯಿಲ್ಲ ಕಣಮ್ಮಿ, ನಿನ್ ಪುಸ್ತಕ ಒರಗಿಕಂಡು ನಿದ್ದೆ ಮಾಡ್ತವೆ ಬುಡು. ಗಂಗೋತ್ರಿಯಲ್ಲಿ ಎಂ.ಎ.ಗೆ ಅವಳು ಓದಿದ ತತ್ವಶಾಸ್ತ್ರ, ಅಸ್ತಿತ್ವವಾದ ಎಂದರೇನು ಅಂತ ಊಟಕ್ಕೆ ಕೂತಾಗ ಬಿಡಿಸಿ ಹೇಳಿದ್ದಳು — ಇರುವುದು ಮೊದಲು, ಅರ್ಥ ಆಮೇಲೆ, ಅದನ್ನೂ ನಾವೇ ಕಟ್ಟಿಕೊಳ್ಳಬೇಕು — ಅವನು ಮುದ್ದೆ ಮುರಿಯುತ್ತ, ನಾನ್ ಇವ್ನಿ, ನೀನ್ ಇದ್ದೀಯ, ಇದ್ರಲ್ಲಿ ವಾದ ಯಾಕಮ್ಮಿ? ನಕ್ಕು ನಕ್ಕು ಅವಳಿಗೆ ನೆತ್ತಿಗೆ ಹತ್ತಿತ್ತು. ಈಗ ಅವನು ಇಲ್ಲ, ಇದರಲ್ಲೂ ವಾದವಿಲ್ಲ, ಒಂದು ಸ್ಕೂಟರು, ಒಂದು ಕಬ್ಬಿನ ಟ್ರಾಕ್ಟರು, ಅಷ್ಟೇ, ಅರ್ಥವಿಲ್ಲ ಅಂತ ಪರೀಕ್ಷೆಯಲ್ಲಿ ಬರೆದದ್ದು ಸರಿಯಾಯಿತಲ್ಲ ವನಮಾಲ, ಫಸ್ಟ್ ಕ್ಲಾಸು, ಅಳು ಮಾತ್ರ ಬರುವುದಿಲ್ಲ.

ಒಳಗಿಂದ ಅತ್ತೆ ಮಾಯಮ್ಮ, ಈಸ್ಕಂಡಿದ್ದು ನನ್ ಮಗನ ಮೇಲೆ ಉಳೀಬಾರ್ದು ಕಣವ್ವ, ಆಚಾರಿ ನಾಗಮಂಗಲದ ಕೆಲ್ಸ ಮುಗಿಸ್ಕಂಡು ರಾತ್ರಿ ಬಂದವ್ನಂತೆ, ಕೊಟ್ಬುಟ್ಟು ಬಾ. ಬೀದಿಯುದ್ದಕ್ಕೂ ಅದನ್ನು ತುಂಬಿದ ತಟ್ಟೆಯ ಹಾಗೆ ಹಿಡಿದು ನಡೆದಳು, ಗಾಳಿಗುಳ್ಳೆ ಅತ್ತ ಓಡಿತು, ಇತ್ತ ಓಡಿತು. ಆಚಾರಿ ಬೆನ್ನು ಬಗ್ಗಿಸಿ ಹಲಗೆ ಹೆರೆಯುತ್ತಿದ್ದಾನೆ, ರಸಮಟ್ಟ ತಂದಿದ್ದೀನಿ ಅಂದಳು, ದನಿಯಲ್ಲೇ ಗುರುತು ಹಿಡಿದ, ತಲೆ ಎತ್ತಲಿಲ್ಲ, ಅಂತೂ ಕಳಿಸ್ದ್ನಾ ಕಳ್ ನನ್ಮಗ, ಮೊಕ ತೋರ್ಸಕ್ಕೆ ನಾಚ್ಕೆ, ಎಡ್ತಿ ಕೈಲಿ ಕಳಿಸವ್ನೆ. ಇವನಿಗೆ ಗೊತ್ತಿಲ್ಲ. ಊರಿನಲ್ಲಿ ಒಬ್ಬನಿಗೆ ಇನ್ನೂ ಗೊತ್ತಿಲ್ಲ, ಈ ಮರದ ಹೊಟ್ಟಿನ ವಾಸನೆಯೊಳಗೆ ಚಿಕ್ಕಸ್ವಾಮಿ ಇದ್ದಾನೆ, ಬೈಸಿಕೊಳ್ಳುತ್ತ, ಎಷ್ಟು ಚೆನ್ನಾಗಿ ಇದ್ದಾನೆ, ಹೇಳಬೇಕು, ಹೇಳಿದರೆ ಇಲ್ಲಿಯೂ ಸಾಯುತ್ತಾನೆ, ನನ್ನ ಬಾಯಿಂದಲೇ — ಅಲಗೆ ಒಡುದ್ನೇನವ್ವ? ಹೊಡೆದ್ರು. ನೆಟ್ಟಗೈತಾ? ಇಲ್ಲ, ವಾಲಿದೆ. ಆಚಾರಿ ನಕ್ಕ, ನನಗ್ಗೊತ್ತು ಅವ್ನ ಕೈ, ಸಂಜೀಕೆ ಬಂದು ಸರಿ ಮಾಡ್ಕೊಡ್ತೀನಿ, ಮನೇಲಿರು ಅಂತೇಳವ್ವ ಅವನ್ಗೆ. ಹೇಳ್ತೀನಿ, ಅಂದಳು, ಹೇಳ್ತೀನಿ ಅಂದುಬಿಟ್ಟಳು, ಕಣ್ಣು ತುಂಬಿತು, ಮೊದಲ ಸಲ, ಅವನು ತಲೆ ಎತ್ತಿದರೆ ನನ್ನ ಬರಿ ಹಣೆ ಕಾಣುತ್ತದೆ, ಎತ್ತಬೇಡ ಆಚಾರಿ, ಇನ್ನೊಂದಿಷ್ಟು ಹೊತ್ತು — ಅವನು ಹೆರೆಯುತ್ತಿದ್ದ ಹಲಗೆಯ ತುದಿಗೆ ರಸಮಟ್ಟ ಇಟ್ಟಳು, ಕೈ ಬಿಟ್ಟಳು, ಹೆರೆತಕ್ಕೆ ಗಾಳಿಗುಳ್ಳೆ ನಡುಗುತ್ತಿತ್ತು, ಎಡಕ್ಕೆ, ಬಲಕ್ಕೆ, ಎಡಕ್ಕೆ, ಆಮೇಲೆ ಹೆರೆಯುವ ಸದ್ದು ನಿಂತಿತು, ಗಾಳಿಗುಳ್ಳೆ ಎರಡು ಗೆರೆಗಳ ನಡುವೆ ಬಂದು ನಿಂತಿತು