ನೂರನಲವತ್ತರ ದಿಬ್ಬ

ವಿಕಿರಣ ಅಳೆಯುವ ಮೀಟರುಗಳನ್ನು ಪರೀಕ್ಷಿಸುವ ಆ ವರ್ಕ್‌ಶಾಪಿನಲ್ಲಿ ದೊಡ್ಡಕ್ಕನ ಬಾಯಿಗೆ ಹೆದರದವರಿರಲಿಲ್ಲ. ಹೊಸಬರು ಯಾರೇ ಬರಲಿ, ಅವಳದು ಒಂದೇ ಪಾಠ: "ಎಷ್ಟು ಅಂತ ಎಣಿಸೋಕೆ ಯಾರಿಗಾದ್ರೂ ಬರುತ್ತೆ. ದಿಬ್ಬ ಎಲ್ಲಿ ಎದ್ದಿದೆ ನೋಡ್ರಪ್ಪಾ!" ಮೀಟರಿನೊಳಗೆ ಬಟಾಣಿ ಕಾಳಿನಷ್ಟು ಅರೆವಾಹಕ ಹರಳು. ವಿಕಿರಣ ತಗುಲಿದಾಗಲೆಲ್ಲ ಅದರಲ್ಲಿ, ತಗುಲಿದ್ದರ ಕಸುವಿಗೆ ತಕ್ಕಷ್ಟು, ವಿದ್ಯುತ್ ಮಿಡಿಯುತ್ತದೆ. ಹಾಗಾಗಿ ಪರದೆಯ ಮೇಲೆ ಒಂದೊಂದು ವಸ್ತುವಿನ ದಿಬ್ಬ ಒಂದೊಂದು ಅಂಕಿಯಲ್ಲಿ ಏಳುತ್ತದೆ.

ಆ ಬೆಳಿಗ್ಗೆ ಸೀಸದ ಡಬ್ಬಿ ತೆರೆದರೆ, ಮೀಟರು ಪರೀಕ್ಷಿಸಲು ಬಳಸುವ, ವಿಕಿರಣ ಸೂಸುವ ಸೀಸಿಯಂ ಬಿಲ್ಲೆ ಇರಲಿಲ್ಲ. ಅಂಗಿಯ ಗುಂಡಿಯಷ್ಟೇ ಚಿಕ್ಕದು, ಆದರೆ ಅದರ ಜವಾಬ್ದಾರಿಗೆ ಸಹಿ ಹಾಕಿದವಳು ದೊಡ್ಡಕ್ಕ. ಸಂಜೆಯೊಳಗೆ ಸಿಗದಿದ್ದರೆ ಕೆಲಸಕ್ಕೇ ಸಂಚಕಾರ. ಇನ್ನೊಂದು ಘಟಕಕ್ಕೆ ಹೋಗಿದ್ದ ಮ್ಯಾನೇಜರ್ ಫೋನ್ ಎತ್ತಲಿಲ್ಲ.

ಬೆಂಚಿನ ಮೇಲಿದ್ದ ಮೀಟರನ್ನೇ ಹಿಡಿದುಕೊಂಡು ಅವಳು ಮೂಲೆಮೂಲೆ ಜಾಲಾಡಿದಳು. ಎಲ್ಲೂ ಇಲ್ಲ. ಅಷ್ಟರಲ್ಲಿ ಸ್ಟೋರಿನವನು ಸ್ಕ್ರೂ ಪೊಟ್ಟಣ ಇಡಲು ಒಳಗೆ ಬಂದ. ಎಣಿಕೆ ಸರ್ರನೆ ಏರಿತು. ಅವನು ಆಚೆ ಹೋದ, ಇಳಿಯಿತು.

ಅವನು ಬೇರೆ ಯಾರೂ ಅಲ್ಲ, ಅವಳ ತಂಗಿಯ ಗಂಡ. ಕೈಕಾಲು ಹಿಡಿದು ಅವನಿಗೆ ಈ ಕೆಲಸ ಕೊಡಿಸಿದ್ದೂ ಅವಳೇ. ಹರಳಿಗೆ ಬೆಳಕು ಸೋರಿದರೂ ಸುಳ್ಳು ಎಣಿಕೆ ಬರುವುದುಂಟೆಂದು ಮೀಟರಿಗೆ ಕಪ್ಪು ಬಟ್ಟೆ ಸುತ್ತಿ ಮತ್ತೆ ಅವನನ್ನು ಕರೆದಳು. ಮತ್ತೆ ಏರಿತು.

"ನಿನ್ನೆ ಮಧ್ಯಾಹ್ನ ಎಲ್ಲಿ ಹೋಗಿದ್ರಿ?"

"ಒಂಚೂರು ಕೆಲಸ ಇತ್ತು ಅಕ್ಕ," ಎಂದ ಅವನು, ನೆಲ ನೋಡುತ್ತ.

ಅವಳಿಗೆ ಮೈಯೆಲ್ಲ ಉರಿಯಿತು. ಅವನು ಊಟಕ್ಕೆ ಮನೆಗೆ ಹೊರಟದ್ದೇ ತಡ, ತಂಗಿಗೆ ಫೋನ್ ಮಾಡಿದಳು.

"ನಿನ್ನ ಗಂಡ ಹೇಗಿದಾರೆ ನಿನ್ನೆಯಿಂದ?"

"ಒಂಥರಾ ಇದಾರೆ ಅಕ್ಕ. ಮಗೂನ ಮುಟ್ಟಿಲ್ಲ. ರಾತ್ರಿ ಹಜಾರದಲ್ಲಿ ಒಬ್ರೇ ಮಲಗಿದ್ರು."

ಬಿಲ್ಲೆ ಜೇಬಿನಲ್ಲಿಟ್ಟುಕೊಂಡವನು ಮಗುವನ್ನು ಹೇಗೆ ಎತ್ತಿಕೊಂಡಾನು! ಲೆಕ್ಕ ಸರಿಹೋಯಿತು ಎಂದುಕೊಂಡಳು ದೊಡ್ಡಕ್ಕ. "ಅವರು ಊಟಕ್ಕೆ ಬಂದು ಕೋಟು ಬಿಚ್ಚಿದ ಕೂಡಲೇ ಜೇಬು ನೋಡು. ಗುಂಡಿ ಥರದ್ದು ಇದ್ರೆ ಮುಟ್ಟಬೇಡ, ಮಗು ಕರ್ಕೊಂಡು ಆಚೆ ಬಾ."

ಫೋನ್ ಇಟ್ಟು ಹತ್ತು ನಿಮಿಷವೂ ಆಗಿರಲಿಲ್ಲ, ಮ್ಯಾನೇಜರ್ ಬಂದು ಮೇಜಿನ ಮೇಲೆ ಪುಟ್ಟ ಸೀಸದ ಡಬ್ಬಿ ಇಟ್ಟರು. "ಆ ಘಟಕದ ಮೀಟರಿಗೆ ಬೇಕಿತ್ತಮ್ಮ, ಬೆಳಿಗ್ಗೆ ಬೇಗ ಬಂದು ಒಯ್ದೆ. ಪುಸ್ತಕದಲ್ಲಿ ಬರೆಯೋದು ಮರೆತುಹೋಯ್ತು."

ಒಳಗೆ ಬಿಲ್ಲೆ ತಣ್ಣಗೆ ಕೂತಿತ್ತು.

ಹಾಗಾದರೆ ಅವನ ಹತ್ತಿರ ಇದ್ದದ್ದೇನು? ಅವನು ಬಂದಾಗ ಮೀಟರಿನಲ್ಲಿ ದಾಖಲಾಗಿ ಪರದೆಯ ಮೇಲೆ ಉಳಿದಿದ್ದ ದಿಬ್ಬದ ಕಡೆ ದೊಡ್ಡಕ್ಕ ಆಗ ಮೊದಲ ಬಾರಿಗೆ ನೋಡಿದಳು. ಇಡೀ ಬೆಳಗು ಎಣಿಕೆಯನ್ನೇ ನೋಡುತ್ತ ಕೂತಿದ್ದಳು, ಊರಿಗೆಲ್ಲ ಪಾಠ ಹೇಳುವವಳು! ಸೀಸಿಯಂ ಆಗಿದ್ದರೆ ದಿಬ್ಬ ಆರುನೂರ ಅರವತ್ತೆರಡರಲ್ಲಿ ಏಳಬೇಕಿತ್ತು. ಅಲ್ಲಿ ಏನೂ ಇರಲಿಲ್ಲ. ಎದ್ದದ್ದು ನೂರನಲವತ್ತರಲ್ಲಿ. ಅಂಥದ್ದು ಈ ವರ್ಕ್‌ಶಾಪಿನಲ್ಲಿ ಇರುವುದಿಲ್ಲ. ಆಸ್ಪತ್ರೆಯಲ್ಲಿ ಸ್ಕ್ಯಾನಿಗೆ ಮುಂಚೆ ರೋಗಿಯ ನರಕ್ಕೆ ಚುಚ್ಚುವ ಔಷಧ ಅದು. ಚುಚ್ಚಿದ ಮೇಲೆ ಒಂದು ದಿನ ರೋಗಿಯ ಮೈಯೇ ವಿಕಿರಣ ಸೂಸುತ್ತದೆ, ಮಕ್ಕಳಿಂದ ದೂರವಿರಿ ಎನ್ನುತ್ತಾರೆ.

ಅವನು ಮಗುವನ್ನು ಮುಟ್ಟದೇ ಇದ್ದದ್ದು ಏಕೆಂದು ಈಗ ಗೊತ್ತಾಯಿತು. ಅವಳಿಗೆ ಅಳು ಒತ್ತರಿಸಿ ಬಂತು. ತಂಗಿಯನ್ನು ತಡೆಯಬೇಕೆಂದು ಫೋನಿಗೆ ಕೈ ಹಾಕುವಷ್ಟರಲ್ಲಿ ಅದೇ ಹೊಡೆದುಕೊಂಡಿತು.

"ಅಕ್ಕಾ, ಗುಂಡಿಗಿಂಡಿ ಏನೂ ಇಲ್ಲ. ಆಸ್ಪತ್ರೆ ಚೀಟಿ ಇದೆ. ಮೂಳೆ ಸ್ಕ್ಯಾನ್ ಅಂತೆ, ಗಡ್ಡೆ ಹರಡಿದೆಯಾ ನೋಡೋಕಂತೆ. ನಿಂಗೆ ಮೊದಲೇ ಗೊತ್ತಿತ್ತಾ? ಅದಕ್ಕೇ ಜೇಬು ನೋಡು ಅಂದ್ಯಾ?"

ಆ ಕಡೆ, ದೂರದಿಂದ, ಏನೂ ತಿಳಿಯದ ಅವನ ದನಿ ಕೇಳಿಸಿತು.

"ಅಕ್ಕನಾ ಫೋನಲ್ಲಿ? ಬಿಲ್ಲೆ ಸಿಕ್ತಾ ಕೇಳೇ. ಪಾಪ, ಬೆಳಿಗ್ಗೆಯಿಂದ ಒಂದು ತೊಟ್ಟು ನೀರೂ ಕುಡಿದಿಲ್ಲ ಅವರು."