ಲಮ್ಯಾಯಳ ಹೂಂ

ಇಷ್ಟು ವರ್ಷ ಆಸ್ಟ್ರೇಲಿಯಾದ ಜೀಲಾಂಗಿನಲ್ಲಿದ್ದೂ ಲಮ್ಯಾಯ್‌ಗೆ ಇಂಗ್ಲಿಷ್ ಬರಲಿಲ್ಲವೆಂದರೆ ಅದಕ್ಕೆ ಅವಳ ಗಂಡನೇ ಕಾರಣ. ಡೆಸ್ ಒಳ್ಳೆಯವನು, ತೊಂದರೆಯಾದದ್ದೇ ಅದು. ಬ್ಯಾಂಕಿನಲ್ಲಿ ಅವನೇ ಮಾತಾಡುವನು, ಅಂಗಡಿಯಲ್ಲಿ ಅವನೇ ಮಾತಾಡುವನು, ಹಲ್ಲಿನ ಡಾಕ್ಟರ ಮುಂದೆ ಅವಳ ಹಲ್ಲುನೋವನ್ನೂ ಅವನೇ ಮುಖ ಕಿವುಚಿ ವರ್ಣಿಸುವನು. ಮನೆಯೊಳಗೆ ಇಬ್ಬರಿಗೂ ಅರ್ಧ ಪದ, ಅರ್ಧ ಕೈಸನ್ನೆ ಸಾಕಾಗಿತ್ತು. ಅವಳು ಥಾಯ್ಲೆಂಡಿನ ಲಂಫೂನಿನ ಹಣ್ಣಿನ ತೋಟಗಳ ಕಡೆಯವಳು, ಅವನು ರೈಲ್ವೆ ಕೆಲಸದಿಂದ ನಿವೃತ್ತನಾದ ಆಸ್ಟ್ರೇಲಿಯಾದವನು. ಬೆಳಗಿನ ಕಾಫಿಗೆ, ಹಿತ್ತಲ ಟೊಮೇಟೊ ಗಿಡಕ್ಕೆ, ಸಂಜೆಯ ಟೀವಿಗೆ ಎಷ್ಟು ಭಾಷೆ ತಾನೇ ಬೇಕು?

ಒಂದು ಬೇಸಿಗೆಯಲ್ಲಿ ಟೊಮೇಟೊಗೆ ನೀರು ಬಿಡುತ್ತಿದ್ದ ಡೆಸ್ ಪೈಪು ಹಿಡಿದುಕೊಂಡೇ ಕುಸಿದುಬಿದ್ದ. ಪ್ರಾಣವೇನೋ ಉಳಿಯಿತು. ಬಲಗೈ ಸತ್ತಿತು, ಬಲಗಾಲಿನಲ್ಲಿ ಅರ್ಧ ಜೀವ ಉಳಿಯಿತು, ಮಾತು ಹೊರಟೇಹೋಯಿತು. ಉಳಿದದ್ದು ‘ಎಸ್’ ಎನ್ನುವ ಒಂದು ಪದ. ಹಸಿವಾಗಿದೆಯಾ ಎಂದರೂ ಎಸ್, ಹೊಟ್ಟೆ ತುಂಬಿದೆಯಾ ಎಂದರೂ ಎಸ್. ಅವನಿಗೆ ನಿಜವಾಗಿ ಏನು ಬೇಕೆಂಬುದು ಲಮ್ಯಾಯ್‌ಗೆ ಗೊತ್ತಿತ್ತು. ದಿನಾ ಸಂಜೆ ಅವಳು ಆಸ್ಪತ್ರೆಯಿಂದ ಹೊರಡುವಾಗ ಅವನು ಎಡಗೈಯಿಂದ ಅವಳ ಸ್ವೆಟರಿನ ತೋಳು ಹಿಡಿದು ಬಾಗಿಲ ಕಡೆ ನೋಡುತ್ತಿದ್ದ. ಮನೆಗೆ ಕರೆದುಕೊಂಡು ಹೋಗು ಎಂದು ಬಾಯಿ ಬಿಟ್ಟು ಹೇಳಿದ್ದರೂ ಅಷ್ಟು ಸ್ಪಷ್ಟವಾಗಿರುತ್ತಿರಲಿಲ್ಲ.

ಅವಳು ಸಂಜೆ ಅಡುಗೆ ಕೆಲಸಕ್ಕೆ ಹೋಗುವ ಥಾಯ್ ಹೋಟೆಲಿನ ಒಡತಿ ಉಬೊನ್, ಡೆಸ್ ಬಿದ್ದ ವಾರವೇ ಅವಳನ್ನು ದರದರ ಎಳೆದುಕೊಂಡು ಹೋಗಿ ಲೈಬ್ರರಿಯ ಇಂಗ್ಲಿಷ್ ತರಗತಿಗೆ ಸೇರಿಸಿದ್ದಳು. ಪಾಠ ಹೇಳುವಾಕೆ ನೋರೀನ್, ಬಿಳಿ ಕೂದಲಿನ ನಿವೃತ್ತ ಮೇಡಂ. ಲಮ್ಯಾಯ್ ಹಿಂದಿನ ಸಾಲಿನಲ್ಲಿ ಕೂತು ಕಲಿತಳು, ಕಲಿಯಲಿಲ್ಲ ಅನ್ನುವಂತಿಲ್ಲ. ಬಸ್ಸಿನ ಬೋರ್ಡು ಓದಲು ಬಂತು, ಔಷಧಿ ಚೀಟಿ ಓದಲು ಬಂತು. ನರ್ಸುಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವುದೂ ಒಂದೊಂದಾಗಿ ಕಿವಿಗೆ ಬೀಳತೊಡಗಿತು. ಆದರೆ ತಿಳಿಯದ್ದನ್ನು ಅವಳು ಯಾವತ್ತೂ ತಿಳಿಯಲಿಲ್ಲ ಅನ್ನಲಿಲ್ಲ. ಹಾಗೆ ಅಂದರೆ ಮೇಡಂ ಸರಿಯಾಗಿ ಹೇಳಿಕೊಡಲಿಲ್ಲ ಎಂದು ಮುಖಕ್ಕೆ ಹೊಡೆದ ಹಾಗಾಗುವುದಿಲ್ಲವೇ? ಅವಳ ಊರಿನಲ್ಲಿ ಗುರುಗಳಿಗೆ ಹೂವು ಕೊಟ್ಟು ಕಾಲಿಗೆ ಬೀಳುತ್ತಾರೆಯೇ ಹೊರತು ತಪ್ಪು ತೋರಿಸುವುದಿಲ್ಲ. ದೊಡ್ಡವರು ಮಾತಾಡುವಾಗ ತಲೆ ತಗ್ಗಿಸಿ, ಮುಗುಳ್ನಕ್ಕು, ಹೂಂಗುಟ್ಟುವುದು ಮರ್ಯಾದೆ. ಆ ಹೂಂಗೆ ‘ನಿಮ್ಮ ಮಾತು ಕಿವಿಗೆ ಬಿತ್ತು’ ಎಂದಷ್ಟೇ ಅರ್ಥ, ‘ಒಪ್ಪಿದೆ’ ಎಂದಲ್ಲ. ಲಂಫೂನಿನಲ್ಲಿ ಇದು ಸಣ್ಣ ಮಕ್ಕಳಿಗೂ ಗೊತ್ತು. ಜೀಲಾಂಗಿನ ಆಸ್ಪತ್ರೆಗೆ ಗೊತ್ತಿರಲಿಲ್ಲ.

ಒಂದು ದಿನ ಆಸ್ಪತ್ರೆಯವರು ಅವಳನ್ನು ಒಂದು ಕೋಣೆಯಲ್ಲಿ ಕೂರಿಸಿಕೊಂಡರು. ಎಳೆಯ ವಯಸ್ಸಿನ ಡಾಕ್ಟರು, ಜೊತೆಗೆ ಹೆಲನ್ ಎಂಬಾಕೆ. ರೋಗಿಗಳನ್ನು ಮುಂದೆ ಎಲ್ಲಿಗೆ ಕಳಿಸಬೇಕು, ಯಾರು ನೋಡಿಕೊಳ್ಳಬೇಕು ಎಂಬುದೆಲ್ಲ ಹೆಲನ್‌ಳ ಕೆಲಸ. ಮೊದಲೇ ಕೇಳಿದಳು, ಥಾಯ್ ಮಾತಾಡುವವರನ್ನು ಫೋನಿನಲ್ಲಿ ಕರೆಯಲೇ ಎಂದು. ಲಮ್ಯಾಯ್ ಎರಡೂ ಕೈ ಅಲ್ಲಾಡಿಸಿದಳು. ಬೇಡ, ಬೇಡ, ತೊಂದರೆ ಬೇಡ. ಬೇಡ ಎನ್ನುವುದು ಅವಳಿಗೆ ಬರುತ್ತಿದ್ದುದು ಯಾರಾದರೂ ಸಹಾಯಕ್ಕೆ ಬಂದಾಗ ಮಾತ್ರ. ಆಮೇಲೆ ಡಾಕ್ಟರು ಮಾತಾಡಿದರು, ಹೆಲನ್ ಮಾತಾಡಿದಳು. ಲಮ್ಯಾಯ್‌ಗೆ ಅಲ್ಲೊಂದು ಇಲ್ಲೊಂದು ಪದ ಸಿಕ್ಕಿತು. ಪ್ರತಿ ವಾಕ್ಯಕ್ಕೂ ಅವಳು ಮುಗುಳ್ನಕ್ಕು ಎಸ್ ಎಂದಳು. ಕೊನೆಗೆ ಕೈಮುಗಿದು, ಎಲ್ಲವೂ ಸುಗಮವಾಗಿ ಮುಗಿಯಿತೆಂದು ಹೊರಗೆ ಬಂದಳು.

ಅದು ಎಷ್ಟು ಸುಗಮವಾಗಿ ಮುಗಿದಿತ್ತೆಂಬುದು ಮರುದಿನ ಗೊತ್ತಾಯಿತು. ಹೋಟೆಲಿನ ಅಡುಗೆಮನೆಯಲ್ಲಿ ಅವಳು ತುಳಸಿ ಎಲೆ ಬಿಡಿಸುತ್ತಿದ್ದಳು. ಫೋನಿನಲ್ಲಿ ಮಾತಾಡಿ ಮುಗಿಸಿದ ಉಬೊನ್ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದು ಎದುರಿಗೆ ನಿಂತಳು.

“ಏನೇ, ಗಂಡನ್ನ ವೃದ್ಧಾಶ್ರಮಕ್ಕೆ ಹಾಕ್ತಿದ್ದೀಯಂತೆ?”

“ಯಾರಕ್ಕ ಹೇಳಿದ್ದು?”

“ಆಸ್ಪತ್ರೆಯವರು. ನನ್ನ ನಂಬರು ತಾನೇ ನೀನು ಕೊಟ್ಟಿದ್ದು. ಸೋಮವಾರ ಅಲ್ಲೊಂದು ರೂಮು ಖಾಲಿ ಆಗತ್ತಂತೆ, ಬಟ್ಟೆ ತನ್ನಿ ಅಂತ ಫೋನು. ನೀನು ಖುಷಿಯಿಂದ ಒಪ್ಪಿಕೊಂಡ್ಯಂತೆ. ತುಂಬ ಒಳ್ಳೆ ಹೆಂಗಸು ಅಂತ ಹೊಗಳಿದ್ದೇ ಹೊಗಳಿದ್ದು.”

ಲಮ್ಯಾಯಳ ಕೈಯಲ್ಲಿದ್ದ ತುಳಸಿ ಕಡ್ಡಿ ನೆಲಕ್ಕೆ ಬಿತ್ತು.

“ನಾನು ಒಪ್ಪಲಿಲ್ಲ ಅಕ್ಕ. ಹೂಂ ಅಂದೆ ಅಷ್ಟೇ.”

“ಅಯ್ಯೋ ನನ್ನ ಕರ್ಮವೇ! ಹೂಂ ಅಂದ್ರೆ ಇಲ್ಲಿ ಸಹಿ ಹಾಕಿದ ಹಾಗೆ ಕಣೇ. ಇದೇನು ನಿಮ್ಮೂರು ಅಂದ್ಕೊಂಡ್ಯಾ? ಮಾತಿಗೊಂದು ಹೂಂ ಹಾಕಿ, ಆಮೇಲೆ ಮನೆಗೆ ಹೋಗಿ ಬೇರೆ ಥರ ಮಾಡೋಕೆ?” ಬೈದು ಮುಗಿಸಿದ ಮೇಲೆ ಉಬೊನ್ ಅವಳ ಮುಖ ನೋಡಿ ಮೆತ್ತಗಾದಳು. “ಬಿಡು, ಅಳಬೇಡ. ನಾನು ಬಂದು ಮಾತಾಡ್ತೀನಿ. ನನ್ನ ಬಾಯಿ ಗೊತ್ತಲ್ಲ, ಡಾಕ್ಟರು ಅವರ ಅಪ್ಪನ ಹೆಸರೂ ಮರೀಬೇಕು, ಹಾಗೆ ಮಾತಾಡ್ತೀನಿ.”

ಅದು ನಿಜ. ಉಬೊನ್ ಹೋದರೆ ಅರ್ಧ ಗಂಟೆಯಲ್ಲಿ ಕೆಲಸ ಆಗುತ್ತಿತ್ತು. ಲಮ್ಯಾಯ್ ಬಿದ್ದ ಎಲೆಗಳನ್ನು ಒಂದೊಂದಾಗಿ ಆರಿಸಿಕೊಂಡಳು.

“ಬೇಡ ಅಕ್ಕ,” ಎಂದಳು. “ನೀವು ಬಂದ್ರೆ ನಿಮ್ಮ ಮಾತು ಕೇಳ್ತಾರೆ, ಸರಿ. ಆದ್ರೆ ಆಮೇಲೆ ಮನೇಲಿ ಅವರ ಜೊತೆ ಇರೋಳು ನಾನು. ಬಾಯಿಲ್ಲದ ಹೆಂಗಸು ಅಂದ್ಕೊಂಡ್ರೆ ಅವರನ್ನ ನನ್ನ ಕೈಗೆ ಯಾಕೆ ಕೊಡ್ತಾರೆ?”

ಉಬೊನ್ ಸೊಂಟದ ಮೇಲಿನ ಕೈ ತೆಗೆದು, ಅವಳ ಜೊತೆ ತುಳಸಿ ಬಿಡಿಸಲು ಕೂತಳು.

ಮರುದಿನ ಲಮ್ಯಾಯ್ ತರಗತಿಗಿಂತ ಮೊದಲೇ ಲೈಬ್ರರಿಗೆ ಹೋಗಿ ನೋರೀನ್ ಮೇಡಂ ಎದುರು ನಿಂತಳು. ಎಲ್ಲವನ್ನೂ ತನಗೆ ತಿಳಿದಷ್ಟು ಇಂಗ್ಲಿಷಿನಲ್ಲಿ ಹೇಳಿದಳು. “ನನ್ನ ಎಸ್ ಕೆಟ್ಟ ಎಸ್, ಟೀಚರ್. ಡೆಸ್ ಮನೆ ಇಲ್ಲ. ನನಗೆ ನೋ ಕಲಿಸಿ.”

ನೋರೀನ್ ಕನ್ನಡಕ ತೆಗೆದಳು. ಅಷ್ಟು ತಿಂಗಳಿಂದ ಹಿಂದಿನ ಸಾಲಿನಲ್ಲಿ ಮುಗುಳ್ನಗುತ್ತಿದ್ದ ಈಕೆಗೆ ಎಲ್ಲವೂ ಅರ್ಥವಾಗುತ್ತಿದೆ ಎಂದೇ ಅವಳೂ ನಂಬಿದ್ದಳು. ಪಾಪ, ನಂಬದೆ ಏನು ಮಾಡುತ್ತಾಳೆ?

“ಸರಿ. ನಾನು ಸುಳ್ಳು ಹೇಳ್ತಾ ಹೋಗ್ತೀನಿ, ನೀವು ತಪ್ಪು ಅನ್ನಬೇಕು. ನೀವು ಚೀನಾದವರು.”

“ಎಸ್, ಟೀಚರ್.”

“ಲಮ್ಯಾಯ್!”

“ಕ್ಷಮಿಸಿ ಟೀಚರ್.”

“ನಿಮ್ಮ ಗಂಡ ಮೀನು ಹಿಡಿಯೋನು.”

ಲಮ್ಯಾಯ್ ಬಾಯಿ ತೆರೆದಳು, ಮುಚ್ಚಿದಳು. ರೈಲ್ವೆ, ರೈಲ್ವೆ ಎಂದು ಒಳಗೆ ಏನೋ ಕೂಗುತ್ತಿತ್ತು. “ಒಂದೊಂದು ಸಲ ಹಿಡೀತಾರೆ, ಟೀಚರ್,” ಎಂದಳು.

ನೋರೀನ್ ಗೊಳ್ಳೆಂದು ನಕ್ಕಳು. ಲಮ್ಯಾಯ್‌ಗೂ ನಗು ಬಂತು. ಹಿರಿಯರ ಮಾತನ್ನು ಅವರೆದುರೇ ಸುಳ್ಳೆನ್ನುವುದೆಂದರೆ ಅವಳಿಗೆ ಅವರ ತಲೆಯ ಮೇಲೆ ಕಾಲಿಟ್ಟಂತೆ. ನೋರೀನ್ ಬಿಡಲಿಲ್ಲ. ನೀವು ಗಂಡಸು ಎಂದಳು, ಇದು ಮೀನಿನ ಅಂಗಡಿ ಎಂದಳು, ನನಗೆ ಇಪ್ಪತ್ತು ವರ್ಷ ಎಂದಳು. ಇಪ್ಪತ್ತು ವರ್ಷದ ಮಾತಿಗಂತೂ ಲಮ್ಯಾಯ್ ಮನಃಪೂರ್ವಕ ಒಪ್ಪಿಕೊಂಡಳು. ಉಳಿದ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಬಂದು ಕೂತರು.

ಆಗ ನೋರೀನ್ ನಗು ನಿಲ್ಲಿಸಿ ಮೆಲ್ಲಗೆ ಹೇಳಿದಳು, “ಡೆಸ್‌ಗೆ ಮನೆ ಬೇಕಾಗಿಲ್ಲ. ಅವನಿಗೆ ನೀವೂ ಬೇಕಾಗಿಲ್ಲ.”

“ನೋ!”

ತರಗತಿಯವರೆಲ್ಲ ತಿರುಗಿ ನೋಡಿದರು. ಲಮ್ಯಾಯ್ ಎದ್ದು ನಿಂತಿದ್ದಳು. ತನ್ನ ಗಂಟಲಿನಿಂದ ಅಷ್ಟು ದೊಡ್ಡ ದನಿ ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ತಕ್ಷಣ ನಾಚಿಕೆಯಿಂದ ಕುಗ್ಗಿ, ಮೇಡಂಗೆ ಕೈಮುಗಿದು, ಕಣ್ಣೊರೆಸಿಕೊಂಡಳು. ನೋರೀನ್‌ಳ ಕಣ್ಣೂ ಒದ್ದೆಯಾಗಿತ್ತು. ಹೀಗೆ ಚುಚ್ಚಿ ಹೇಳಿಸಬೇಕಾಯಿತಲ್ಲ ಎಂದು ಅವಳಿಗೂ ಸಂಕಟ.

ಇನ್ನೊಮ್ಮೆ ಮಾತಾಡಬೇಕೆಂದು ಲಮ್ಯಾಯ್ ಹೋಗಿ ಕೇಳಿಕೊಂಡ ಮೇಲೆ, ಶುಕ್ರವಾರ ಮತ್ತೆ ಅದೇ ಕೋಣೆ, ಅದೇ ಡಾಕ್ಟರು, ಹೆಲನ್. ಈ ಸಲ ಗಾಲಿಕುರ್ಚಿಯಲ್ಲಿ ಡೆಸ್ ಕೂಡ ಇದ್ದ. ಥಾಯ್ ಭಾಷೆಯವರನ್ನು ಕರೆಸಿ ಎಂದು ಲಮ್ಯಾಯೇ ಮೊದಲು ಕೇಳಿದಳು. ಹೆಲನ್ ಫೋನು ಮಾಡಿ ಮೇಜಿನ ನಡುವೆ ಇಟ್ಟಳು. ದಯವಿಟ್ಟು ಕಾಯಿರಿ ಎಂದು ಹೇಳಿ ಫೋನು ಸಂಗೀತ ನುಡಿಸತೊಡಗಿತು. ಅದು ಮುಗಿಯುವ ಲಕ್ಷಣ ಕಾಣಲಿಲ್ಲ. ಡಾಕ್ಟರು ಗಡಿಯಾರ ನೋಡಿಕೊಂಡರು. ಇನ್ನು ಸ್ವಲ್ಪ ಹೊತ್ತು ಕಾದರೆ ತನ್ನ ಧೈರ್ಯವೆಲ್ಲ ಸೋರಿಹೋಗುತ್ತದೆ ಎಂದು ಲಮ್ಯಾಯ್‌ಗೆ ಭಯವಾಯಿತು. ಸಂಗೀತದ ನಡುವೆಯೇ ಶುರುಮಾಡಿದಳು.

“ಹೋದ ಸಲ ನಾನು ಎಸ್ ಅಂದೆ. ಅದು ಕೇಳಿಸ್ತು ಅಂತ. ಬೇಕು ಅಂತ ಅಲ್ಲ. ಇವತ್ತು ಹೇಳ್ತೀನಿ. ನೋ. ಡೆಸ್ ಮನೆಗೆ.”

ನೋರೀನ್ ಜೊತೆ ಕೂತು ಬಾಯಿಪಾಠ ಮಾಡಿಕೊಂಡಿದ್ದ ಚಂದದ ವಾಕ್ಯಗಳೆಲ್ಲ ಎಲ್ಲಿ ಹೋದವೋ. ಬಂದದ್ದು ಇಷ್ಟೇ. ಡೆಸ್ ತಲೆಯೆತ್ತಿ ಅವಳನ್ನೇ ನೋಡುತ್ತಿದ್ದ.

ಹೆಲನ್ ಕೆಟ್ಟವಳಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು, ಒಂದೊಂದೇ ಪದ ಬಿಡಿಸಿ ಹೇಳಿದಳು. “ನಾನು ನಿಮ್ಮನ್ನ ನಂಬ್ತೀನಿ. ಆದ್ರೆ ಆವತ್ತು ನೀವು ನಗ್ತಾ ಒಪ್ಪಿಕೊಂಡ್ರಿ, ಮನಸ್ಸಿನಲ್ಲಿ ಬೇರೆ ಇತ್ತು. ನಾಳೆ ಮನೇಲಿ ಅವರನ್ನ ಎತ್ತೋಕೆ ನಿಮ್ಮ ಕೈಲಿ ಆಗದೇ ಹೋದ್ರೆ? ಆಗ್ಲೂ ನಗ್ತಾ ಎಲ್ಲ ಚೆನ್ನಾಗಿದೆ ಅಂದ್ರೆ ನಮಗೆ ಹೇಗೆ ಗೊತ್ತಾಗತ್ತೆ? ಅವರು ಬಿದ್ದ ಮೇಲಾ?”

ಪ್ರತಿಯೊಂದು ಪದವೂ ಅರ್ಥವಾಯಿತು. ಅರ್ಥವಾಗದಿದ್ದರೇ ಚೆನ್ನಾಗಿತ್ತು. ಹೆಲನ್ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ತಾನು ಎಂಥವಳೆಂದು ಲಮ್ಯಾಯ್‌ಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಡೆಸ್‌ನ ಎಡಗೈ ಬಂದು ಅವಳ ಸ್ವೆಟರಿನ ತೋಳನ್ನು ಹಿಡಿಯಿತು.

“ನಾನು ಜೀವನ ಪೂರ್ತಿ ಎಸ್,” ಎಂದಳು ಲಮ್ಯಾಯ್. “ಅಮ್ಮನಿಗೆ ಎಸ್. ಟೀಚರ್‌ಗೆ ಎಸ್. ಡೆಸ್‌ಗೆ ಎಸ್. ಇವತ್ತು ನಿಮ್ಮ ಮುಖ ನೋಡಿ ನೋ ಅಂದೆ. ಡಾಕ್ಟರ ಮುಖ ನೋಡಿ ನೋ ಅಂದೆ. ಇದು ನನಗೆ ತುಂಬ ಕಷ್ಟ. ಡೆಸ್‌ನ ಎತ್ತೋದು ಇದಕ್ಕಿಂತ ಸುಲಭ.” ಉಸಿರೆಳೆದುಕೊಂಡಳು. “ನನಗೆ ಆಗಲ್ಲ ಅಂದ್ರೆ, ಬರ್ತೀನಿ. ಆಗಲ್ಲ ಅಂತ ಹೇಳ್ತೀನಿ. ಈಗ ಹೇಳೋಕೆ ಬರುತ್ತೆ.”

ಡಾಕ್ಟರು ಹೆಲನ್ ಕಡೆ ನೋಡಿದರು. ಆ ಹೊತ್ತಿಗೆ ಸಂಗೀತ ನಿಂತು, ಫೋನಿನೊಳಗಿಂದ ಒಬ್ಬ ಗಂಡಸು ಥಾಯ್ ಭಾಷೆಯಲ್ಲಿ ತಡವಾದದ್ದಕ್ಕೆ ಕ್ಷಮೆ ಕೇಳಿದ. ಇನ್ನೂ ಇವರು ಬೇಕೇ ಎಂದು ಹೆಲನ್ ಕೇಳಿದಳು. ಬೇಕು ಎಂದಳು ಲಮ್ಯಾಯ್. ಈ ಸಲ ಒಂದು ಮಾತೂ ತಪ್ಪಿಹೋಗಬಾರದು.

ಹೀಗೆ ಡೆಸ್ ಮನೆಗೆ ಬಂದ. ಪರೀಕ್ಷೆಗೆಂದು ಕೆಲವು ವಾರ, ನಡುವೆ ಹೆಲನ್ ಬಂದು ನೋಡುವುದು, ಸರಿಯಿಲ್ಲದಿದ್ದರೆ ವೃದ್ಧಾಶ್ರಮ, ಎಂದು ಒಪ್ಪಂದ. ಉಬೊನ್ ದಿನಾ ಸಾರು ಕಳಿಸಿದಳು, ಜೊತೆಗೆ ಬೈಗುಳವನ್ನೂ ಕಳಿಸಿದಳು. ಬೆಳಿಗ್ಗೆ ಕಿಟಕಿಯ ಬಿಸಿಲಿನಲ್ಲಿ ಗಂಡ ಹೆಂಡತಿ ಕೂತು, ಅವಳು ಚಮಚ ಎತ್ತಿ ಹಿಡಿದು ಹೆಸರು ಹೇಳುವಳು, ಅವನು ತುಟಿ ಕೂಡಿಸುವನು. ಯಾರ ಇಂಗ್ಲಿಷನ್ನು ಯಾರು ತಿದ್ದುತ್ತಿದ್ದಾರೆಂದು ಹೇಳುವುದು ಕಷ್ಟವಾಗಿತ್ತು. ಅಂಥ ಬೆಳಗುಗಳಲ್ಲಿ ಲಮ್ಯಾಯ್‌ಗೆ ತಾನು ಪುಣ್ಯವಂತೆ ಅನ್ನಿಸುತ್ತಿತ್ತು.

ಹೆಲನ್ ಬಂದ ದಿನ ಮನೆ ತೊಳೆದಿಟ್ಟ ಹಾಗಿತ್ತು. ಡೆಸ್‌ಗೆ ಇಸ್ತ್ರಿ ಮಾಡಿದ ಅಂಗಿ, ಮೇಜಿನ ಮೇಲೆ ಹಣ್ಣು. ಹೆಲನ್ ಸುತ್ತ ನೋಡಿ, ಸಂತೋಷದಿಂದ, “ಎಲ್ಲ ಚೆನ್ನಾಗಿದೆಯಲ್ಲ?” ಎಂದಳು. ಅವಳು ಬಾಗಿಲಲ್ಲೇ ನಿಂತಿದ್ದಳು, ಹೊರಡುವ ಆತುರದಲ್ಲಿದ್ದಳು.

ಮುಗುಳ್ನಗೆ ತಾನಾಗಿ ಬಂದು ಲಮ್ಯಾಯಳ ತುಟಿಯ ಮೇಲೆ ಕೂತಿತು. ಇವಳು ಬಂದದ್ದೇ ದೊಡ್ಡದು, ಇನ್ನಷ್ಟು ತೊಂದರೆ ಯಾಕೆ ಕೊಡುವುದು? ಒಂದು ಎಸ್ ಅಂದರೆ ಡೆಸ್ ಇಲ್ಲೇ ಉಳಿಯುತ್ತಾನೆ. ನೋ ಅಂದರೆ ಅವನನ್ನು ಕರೆದುಕೊಂಡೇ ಹೋಗಬಹುದು.

“ಇಲ್ಲ,” ಎಂದಳು. “ಚೆನ್ನಾಗಿಲ್ಲ. ಸ್ನಾನ ಮಾಡಿಸೋಕೆ ನನಗೆ ಆಗಲ್ಲ. ನಿನ್ನೆ ಇಬ್ಬರೂ ಜಾರಿದ್ವಿ. ನನ್ನ ಬೆನ್ನು ನೋವು. ಬೆಳಿಗ್ಗೆ ಹೊತ್ತು ಒಬ್ಬರು ಬೇಕು.” ಹೇಳಿ, ತೀರ್ಪಿಗೆ ಕಾಯುವವಳಂತೆ ಕೈ ಹೆಣೆದುಕೊಂಡು ನಿಂತಳು.

ಹೆಲನ್ ಅವಳನ್ನು ಒಂದು ಕ್ಷಣ ನೋಡಿದಳು. ಆಮೇಲೆ ಒಳಗೆ ಬಂದು, ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿ, ಡೆಸ್‌ನ ಪಕ್ಕದಲ್ಲಿ ಕೂತಳು.

“ಬೆಳಿಗ್ಗೆ ಒಬ್ಬರನ್ನ ಕಳಿಸೋಣ, ಅದೇನು ದೊಡ್ಡದಲ್ಲ,” ಎಂದಳು. “ಬನ್ನಿ, ಕೂತ್ಕೊಳ್ಳಿ. ಇನ್ನೇನೇನು ಆಗಲ್ಲ, ಎಲ್ಲ ಹೇಳಿ.”

ಲಮ್ಯಾಯ್ ಕೂತು, ಎಲ್ಲವನ್ನೂ ಹೇಳಿದಳು.