ಬಿಚ್ಚಿದ ಮೇಲೆ ಗೊತ್ತಾಗೋದು

ನಮ್ಮ ಗ್ಯಾರೇಜಿನ ಗಿರಾಕಿಗಳು ದಿನಕ್ಕೊಮ್ಮೆಯಾದರೂ ಆಡುವ ಮಾತನ್ನೇ ನಾನು ಡಾಕ್ಟರಮ್ಮನಿಗೆ ಆಡಿದೆ. "ಒಂದು ರಿಪೇರಿಗೆ ಬಿಟ್ಟರೆ ಇನ್ನೊಂದು ಹೋಗಿದೆ ಅಂತೀರಲ್ಲ, ಮೊದಲೇ ನೋಡೋಕಾಗಲಿಲ್ವಾ?"

ಅವರು ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ನಿಂತಿದ್ದರು. ಒಳಗೆ ಅಪ್ಪನ ಅರ್ಧ ನಾಲಿಗೆ, ಅದರಲ್ಲಿದ್ದ ಕ್ಯಾನ್ಸರಿನ ಸಮೇತ ತೆಗೆದಾಗಿತ್ತು. ಸ್ಕ್ಯಾನ್ ನೋಡಿ ಕುತ್ತಿಗೆಯಲ್ಲಿ ಏನೂ ಇಲ್ಲ ಅಂದವರು ಇವರೇ. ಈಗ ನೋಡಿದರೆ ಬಲಗಡೆ ಒಂದಕ್ಕೊಂದು ಅಂಟಿಕೊಂಡ ನಾಲ್ಕು ಗಂಟು.

"ಕೆಲವು ಕೈಯಿಟ್ಟ ಮೇಲೇ ಗೊತ್ತಾಗೋದಪ್ಪ," ಅಂದರು. "ತೆಗೆದಿದ್ದೀನಿ. ಕ್ಯಾನ್ಸರ್ ಹರಡಿದೆಯೋ ಇಲ್ಲವೋ ಲ್ಯಾಬಿನವರು ಹೇಳಬೇಕು. ಒಂದು ವಾರ."

ಅಪ್ಪನದೂ ಅದೇ ರಾಗ. ಗಾಡಿ ಕೆಳಗೆ ಮಲಗಿಕೊಂಡೇ ಹೇಳುತ್ತಿದ್ದ, "ಬಿಚ್ಚಿದ ಮೇಲೆ ಗೊತ್ತಾಗೋದು ಸ್ವಾಮಿ." ಅದನ್ನೇ ಡಾಕ್ಟರಮ್ಮನ ಬಾಯಲ್ಲಿ ಕೇಳಿ ನನಗೆ ಮೈಯೆಲ್ಲ ಉರಿಯಿತು.

ಆ ವಾರ ಸಿಕ್ಕಸಿಕ್ಕವರ ಮೇಲೆ ಹರಿಹಾಯ್ದೆ. ನರ್ಸು, ಲಿಫ್ಟಿನವನು, ಯಾರನ್ನೂ ಬಿಡಲಿಲ್ಲ.

"ಲ್ಯಾಬಿನವರು ನಿನ್ನ ಮೂತಿ ನೋಡಿಕೊಂಡು ರಿಪೋರ್ಟ್ ಬರೀತಾರೇನೋ? ಸುಮ್ನೆ ಕೂರು," ಅಂದಳು ಅಮ್ಮ.

ಮೂಗಿನಲ್ಲಿ ಕೊಳವೆ ಇಟ್ಟುಕೊಂಡಿದ್ದ ಅಪ್ಪ ಸ್ಲೇಟಿನ ಮೇಲೆ ಬರೆದು ತೋರಿಸಿದ: "ನಾನು ಎಷ್ಟು ಸುಮ್ಮನಿದ್ದೀನಿ, ನೋಡಿ ಕಲಿ."

ಎಂಟನೇ ದಿನ ಡಾಕ್ಟರಮ್ಮ ಹಾಸಿಗೆಯ ಹತ್ತಿರ ಬಂದರು. "ಗಂಟುಗಳಲ್ಲಿ ಕ್ಯಾನ್ಸರ್ ಇಲ್ಲ."

ಅಮ್ಮ ಮಂಚದ ಕಂಬಿ ಹಿಡಿದುಕೊಂಡಳು.

"ಆದರೆ ಟಿಬಿ ಇದೆ. ರೇಡಿಯೇಷನ್‌ಗೆ ಮುಂಚೆ ಅದಕ್ಕೆ ಮಾತ್ರೆ ಶುರು ಮಾಡಬೇಕು. ಮನೇಲಿ ಯಾರಿಗಾದರೂ ಇತ್ತಾ? ಪೂರ್ತಿ ಮಾತ್ರೆ ನುಂಗಿದ್ರಾ? ಅರ್ಧಕ್ಕೆ ಬಿಟ್ಟವರಿಂದ ಬಂದಿದ್ದರೆ ಮಾಮೂಲಿ ಮಾತ್ರೆಗೆ ಬಗ್ಗದೇ ಇರಬಹುದು. ಸರಿಯಾಗಿ ಹೇಳಿ."

ನನಗಿತ್ತು. ಆರು ತಿಂಗಳು ನುಂಗು ಅಂದಿದ್ದರು, ಎರಡಕ್ಕೇ ಬಿಟ್ಟಿದ್ದೆ. ಕೆಮ್ಮು ನಿಂತಿತ್ತು, ವಾಕರಿಕೆ ಸಾಕಾಗಿತ್ತು. ಕೋರ್ಸ್ ಮುಗೀತು ಅಂತ ಮನೆಯಲ್ಲಿ ಸುಳ್ಳು ಹೇಳಿ, ಉಳಿದ ಮಾತ್ರೆಗಳನ್ನು ಗ್ಯಾರೇಜಿನಲ್ಲಿ ನನ್ನ ಸ್ಪ್ಯಾನರ್ ಪೆಟ್ಟಿಗೆಯ ತಳಕ್ಕೆ ತುರುಕಿದ್ದೆ.

ನಾನು ಬಾಯಿ ಬಿಡುವಷ್ಟರಲ್ಲಿ ಅಪ್ಪ ಬರೆದಾಗಿತ್ತು: "ಮಗನಿಗಿತ್ತು. ಪೂರ್ತಿ ನುಂಗಿದ."

ಬರೆದು ನನ್ನ ಕಡೆ ನೋಡಲೇ ಇಲ್ಲ. ಆಗ ಹೊಳೆಯಿತು. ಹನ್ನೆರಡನೇ ನಂಬರ್ ಸ್ಪ್ಯಾನರ್ ಬೇಕೆಂದು ಆ ಪೆಟ್ಟಿಗೆಯನ್ನು ದಿನಕ್ಕೆ ಹತ್ತು ಸಲ ತಡಕುವವನು ಅವನೇ.

ಸ್ಲೇಟು ಕಸಿದುಕೊಂಡೆ. 'ಪೂರ್ತಿ' ಅನ್ನುವುದನ್ನು ಹೆಬ್ಬೆರಳಿನಲ್ಲಿ ತಿಕ್ಕಿ ಅಳಿಸಿದೆ.

"ಎರಡೇ ತಿಂಗಳು ನುಂಗಿದ್ದು," ಅಂದೆ. "ಉಳಿದಿದ್ದು ಗ್ಯಾರೇಜಲ್ಲಿದೆ. ತರ್ತೀನಿ."

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಯಾವಾಗ ಬಿಟ್ಟೆ ಅಂತ ಕೇಳಿ ಬರೆದುಕೊಂಡರು. "ಹಾಗಾದರೆ ಆ ಗಂಟನ್ನ ಇನ್ನೊಂದು ಪರೀಕ್ಷೆಗೆ ಕಳಿಸ್ತೀನಿ. ನೀನೂ ನಾಳೆ ಕಫ ಕೊಡು."

ಅಮ್ಮ ಕಂಬಿ ಬಿಟ್ಟು ನನ್ನ ಕಡೆ ತಿರುಗಿದಳು. ಅಪ್ಪ ಸ್ಲೇಟಿಗಾಗಿ ಕೈ ಚಾಚಿದ. ಏನೋ ಒಂದು ನೆಪ ಬರೆದು ನನ್ನನ್ನು ಉಳಿಸಲು ಹೊರಟಿದ್ದ.

ನಾನು ಕೊಡಲಿಲ್ಲ.